ತೆಳ್ಳನೆಯ ಸ್ಕ್ಯಾನರ್ ಮತ್ತು ಲಿನಕ್ಸ್: ಒಂದು ಯಂತ್ರದ ಆಯಸ್ಸು ಯಾರ ಕೈಯಲ್ಲಿದೆ?

ಇತಿಹಾಸ ಅಂದ ತಕ್ಷಣ ರಾಜರು, ಕೋಟೆ, ಶಾಸನ ನೆನಪಾಗುತ್ತೆ. ಇವತ್ತು ನಾವು ಮಾತಾಡೋದು ಮನೆಯ ಅಟ್ಟದ ಮೇಲೋ, ಕಪಾಟಿನ ಕೆಳಗೋ ಧೂಳು ಹಿಡಿದು ಕೂತಿರುವ ಒಂದು ಸಾಮಾನಿನ ಇತಿಹಾಸವನ್ನ. ಎರಡು ಬೆರಳು ದಪ್ಪದ, ಒಂದೇ ಒಂದು ಯುಎಸ್‌ಬಿ ಕೇಬಲ್ ಇರುವ ಫ್ಲಾಟ್‌ಬೆಡ್ ಸ್ಕ್ಯಾನರ್.

ಇದರಲ್ಲೊಂದು ಒಗಟು ಇದೆ. ಗಾಜು ಸರಿಯಾಗಿದೆ, ಮೋಟರ್ ಸರಿಯಾಗಿದೆ, ದೀಪ ಉರಿಯುತ್ತೆ. ಆದರೂ ಹೊಸ ಕಂಪ್ಯೂಟರಿಗೆ ಹಾಕಿದರೆ "ಈ ಸಾಧನ ಗೊತ್ತಿಲ್ಲ" ಅನ್ನುತ್ತೆ. ಅದೇ ಸ್ಕ್ಯಾನರನ್ನ ಲಿನಕ್ಸ್ ಇರುವ ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ, ಏನನ್ನೂ ಇನ್‌ಸ್ಟಾಲ್ ಮಾಡದೆ ಕೆಲಸ ಶುರು. ಯಂತ್ರ ಒಂದೇ. ಒಂದು ಕಡೆ ಸತ್ತಿದೆ, ಇನ್ನೊಂದು ಕಡೆ ಬದುಕಿದೆ. ಇದು ಹೇಗೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಾಜಿನ ಕೆಳಗಿನ ಕತೆ

ಚಿತ್ರವನ್ನು ಕಂಪ್ಯೂಟರಿನೊಳಗೆ ಸೇರಿಸುವ ಮೊದಲ ಪ್ರಯತ್ನಗಳಲ್ಲಿ ಹೆಸರಾದದ್ದು 1957ರದು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರಸೆಲ್ ಕರ್ಷ್ ಮತ್ತು ಅವರ ಜೊತೆಗಾರರು ತಿರುಗುವ ಡ್ರಮ್ಮಿನ ಮೇಲೆ ಒಂದು ಫೋಟೊ ಸುತ್ತಿ, ಅದನ್ನು ಬೆಳಕಿನಿಂದ ಓದಿಸಿದರು. ಆ ಫೋಟೊದಲ್ಲಿದ್ದದ್ದು ಕರ್ಷ್ ಅವರ ಮೂರು ತಿಂಗಳ ಮಗ. ಚಿತ್ರದ ಅಳತೆ ಉದ್ದಕ್ಕೆ 176 ಚುಕ್ಕಿ, ಅಗಲಕ್ಕೆ 176 ಚುಕ್ಕಿ, ಅಷ್ಟೇ. ಇವತ್ತು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸ್ಟಿಕ್ಕರ್ ಕೂಡ ಅದಕ್ಕಿಂತ ದೊಡ್ಡದು.

ಆಮೇಲೆ 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಅನ್ನೋ ಚಿಪ್ ಕಂಡುಹಿಡಿದರು. ಬೆಳಕನ್ನು ವಿದ್ಯುತ್ತಾಗಿ ಹಿಡಿದಿಟ್ಟು ಸಾಲಾಗಿ ಸಾಗಿಸುವ ಚಿಪ್ ಅದು. 2009ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯೂ ಬಂತು. ಈ ಚಿಪ್ಪನ್ನು ಗಾಜಿನ ಹಾಸಿನ ಕೆಳಗೆ ಇಟ್ಟು, ಪುಟವನ್ನು ಮೇಲೆ ಮಲಗಿಸಿ ಓದಿಸುವ ಯಂತ್ರವನ್ನ ರೇ ಕರ್ಜ್‌ವೈಲ್ 1976ರಲ್ಲಿ ಜನರ ಮುಂದೆ ಇಟ್ಟರು. ಅದು ಕಚೇರಿಗೋಸ್ಕರ ಮಾಡಿದ್ದಲ್ಲ. ಕಣ್ಣು ಕಾಣದವರಿಗೆ ಅಚ್ಚಾದ ಪುಟವನ್ನು ಓದಿ ಹೇಳುವ ಯಂತ್ರ. ಸ್ಕ್ಯಾನ್ ಮಾಡು, ಅಕ್ಷರ ಗುರುತಿಸು, ಗಟ್ಟಿಯಾಗಿ ಓದು. ಫ್ಲಾಟ್‌ಬೆಡ್ ಸ್ಕ್ಯಾನರ್ ಬೆಳೆದದ್ದೇ ಇಂಥ ಅಗತ್ಯದ ಜೊತೆಗೆ ಅನ್ನೋದು ನೆನಪಿಡಬೇಕಾದ ಸಂಗತಿ.

1990ರ ದಶಕದ ಸಾಮಾನ್ಯ ಸ್ಕ್ಯಾನರನ್ನು ಬಿಚ್ಚಿ ನೋಡಿದರೆ ಒಳಗೆ ಸಣ್ಣ ಟ್ಯೂಬ್‌ಲೈಟ್ ಥರದ ದೀಪ, ಮೂರು ನಾಲ್ಕು ಕನ್ನಡಿ, ಒಂದು ಲೆನ್ಸ್, ಕೊನೆಗೆ ಒಂದು ಚಿಕ್ಕ ಸಿಸಿಡಿ. ಪುಟದ ಅಗಲದ ಚಿತ್ರವನ್ನು ಕನ್ನಡಿಗಳಲ್ಲಿ ಮಡಿಸಿ ಮಡಿಸಿ ಬೆರಳುದ್ದದ ಚಿಪ್ ಮೇಲೆ ಬೀಳಿಸಬೇಕು. ಬೆಳಕು ಅಷ್ಟು ದೂರ ಸಾಗೋಕೆ ಜಾಗ ಬೇಕು, ಅದಕ್ಕೇ ಆ ಸ್ಕ್ಯಾನರ್‌ಗಳು ದಪ್ಪ. ದೀಪ ಬಿಸಿಯಾಗೋಕೆ ಸಮಯ ಬೇಕು, ಅದಕ್ಕೆ ಬೇರೆ ಅಡಾಪ್ಟರ್ ಬೇಕು.

ತೆಳ್ಳನೆಯ ಸ್ಕ್ಯಾನರ್ ಬಂದದ್ದು ಬೇರೆ ದಾರಿ ಹಿಡಿದು. ಅದರ ಹೆಸರು ಸಿಐಎಸ್, ಅಂದ್ರೆ ಕಾಂಟ್ಯಾಕ್ಟ್ ಇಮೇಜ್ ಸೆನ್ಸರ್. ಇಲ್ಲಿ ಸೆನ್ಸರೇ ಪುಟದಷ್ಟು ಅಗಲ. ಗಾಜಿಗೆ ಅಂಟಿಕೊಂಡಂತೆ ಕೆಳಗೇ ಓಡಾಡುತ್ತೆ. ಕನ್ನಡಿ ಇಲ್ಲ, ದೊಡ್ಡ ಲೆನ್ಸ್ ಇಲ್ಲ. ಕೆಂಪು, ಹಸಿರು, ನೀಲಿ ಎಲ್‌ಇಡಿಗಳು ಒಂದಾದ ಮೇಲೊಂದು ಮಿನುಗುತ್ತವೆ, ಪ್ರತಿ ಮಿನುಗಿಗೂ ಒಂದು ಸಾಲು ಓದು. ಕ್ಯಾನನ್ ಕಂಪನಿ ಇದನ್ನ ಲೈಡ್ ಅನ್ನೋ ಹೆಸರಲ್ಲಿ ಮನೆಮನೆಗೆ ತಲುಪಿಸಿತು. ಎಲ್‌ಇಡಿ ಇನ್‌ಡೈರೆಕ್ಟ್ ಎಕ್ಸ್‌ಪೋಷರ್ ಅನ್ನೋದರ ಗಿಡ್ಡ ರೂಪ ಅದು. ಲೈಡ್ 20, ಲೈಡ್ 30 ಅಂತ 2000ರ ದಶಕದ ಮೊದಲ ವರ್ಷಗಳಲ್ಲಿ ಬಂದ ಮಾದರಿಗಳು ಕರೆಂಟಿನ ಪ್ಲಗ್ಗನ್ನೇ ಬಿಟ್ಟವು. ಆಗಿನ ಯುಎಸ್‌ಬಿ ಕಿಂಡಿ ಕೊಡೋದು 5 ವೋಲ್ಟ್, ಹೆಚ್ಚೆಂದರೆ 500 ಮಿಲಿಆ್ಯಂಪ್. ಅಂದ್ರೆ ಎರಡೂವರೆ ವ್ಯಾಟ್. ಸೊನ್ನೆ ವ್ಯಾಟಿನ ಬಲ್ಬ್ ಅಂತೀವಲ್ಲ, ಅದಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ದೀಪ, ಮೋಟರ್, ಚಿಪ್ ಮೂರೂ ನಡೆಯಬೇಕು. ನಡೆದವು.

ಟ್ವೇನ್ ಒಂದು ದಾರಿ, ಸೇನ್ ಇನ್ನೊಂದು ದಾರಿ

ಈಗ ಸಾಫ್ಟ್‌ವೇರ್ ಕಡೆ ಬರೋಣ. ಸ್ಕ್ಯಾನರ್ ಮಾರೋ ಕಂಪನಿಗಳು, ಚಿತ್ರದ ಸಾಫ್ಟ್‌ವೇರ್ ಮಾಡೋ ಕಂಪನಿಗಳು ಒಟ್ಟಿಗೆ ಕೂತು 1992ರಲ್ಲಿ ಟ್ವೇನ್ ಅನ್ನೋ ಒಪ್ಪಂದ ಮಾಡಿಕೊಂಡವು. ಅದಕ್ಕೂ ಮುಂಚೆ ಒಂದೊಂದು ಸಾಫ್ಟ್‌ವೇರೂ ಒಂದೊಂದು ಸ್ಕ್ಯಾನರಿಗೆ ಬೇರೆ ಬೇರೆಯಾಗಿ ಬರೆಯಬೇಕಿತ್ತು. ಟ್ವೇನ್ ಆ ತಲೆನೋವು ಕಳೆಯಿತು. ಆದರೆ ಅದರಲ್ಲಿ ಒಂದು ಕಟ್ಟಡದ ನಿರ್ಧಾರ ಇತ್ತು. ಸ್ಕ್ಯಾನರನ್ನು ನಡೆಸುವ ಭಾಗ ಮತ್ತು ಪರದೆ ಮೇಲೆ ಕಾಣುವ ಕಿಟಕಿ, ಗುಂಡಿ, ಎಲ್ಲವೂ ತಯಾರಕರ ಡ್ರೈವರಿನ ಒಳಗೇ ಒಂದೇ ಮೂಟೆಯಾಗಿ ಬರುತ್ತಿತ್ತು. ಆ ಮೂಟೆಯನ್ನು ಬಿಚ್ಚೋಕೆ ಹೊರಗಿನವರಿಗೆ ಅವಕಾಶ ಇರಲಿಲ್ಲ.

1990ರ ದಶಕದ ನಡುವಿನಲ್ಲಿ ಲಿನಕ್ಸ್ ಬಳಸುತ್ತಿದ್ದವರ ಪಾಡು ಕೇಳಿ. ತಯಾರಕರು ಅವರಿಗೆ ಡ್ರೈವರ್ ಕೊಡುತ್ತಿರಲಿಲ್ಲ. ಆಗ ಡೇವಿಡ್ ಮಾಸ್‌ಬರ್ಗರ್ ಮತ್ತು ಆಂಡ್ರಿಯಾಸ್ ಬೆಕ್ ಶುರು ಮಾಡಿದ್ದು ಸೇನ್. ಸ್ಕ್ಯಾನರ್ ಆ್ಯಕ್ಸೆಸ್ ನೌ ಈಸಿ ಅನ್ನೋದರ ಮೊದಲಕ್ಷರಗಳು. ಇಂಗ್ಲಿಷಿನಲ್ಲಿ ಆ ಪದಕ್ಕೆ ತಲೆ ನೆಟ್ಟಗಿರುವುದು ಅನ್ನೋ ಅರ್ಥವೂ ಇದೆ.

ಸೇನ್ ಆ ಮೂಟೆಯನ್ನ ಎರಡಾಗಿ ಬಿಚ್ಚಿತು. ಸ್ಕ್ಯಾನರ್ ಜೊತೆ ಮಾತಾಡುವ ಭಾಗಕ್ಕೆ ಬ್ಯಾಕೆಂಡ್ ಅಂತ ಹೆಸರು. ನಮ್ಮ ಜೊತೆ ಮಾತಾಡುವ, ಪರದೆ ಮೇಲಿನ ಭಾಗಕ್ಕೆ ಫ್ರಂಟೆಂಡ್. ಹೋಟೆಲಿನಲ್ಲಿ ಅಡುಗೆಮನೆ ಬೇರೆ, ಸಪ್ಲೈಯರ್ ಬೇರೆ ಇದ್ದ ಹಾಗೆ. ಸಪ್ಲೈಯರ್ ಬದಲಾದರೂ ದೋಸೆ ಬದಲಾಗಲ್ಲ. ಬ್ಯಾಕೆಂಡ್ ತನ್ನ ಸ್ಕ್ಯಾನರಿನ ಆಯ್ಕೆಗಳ ಪಟ್ಟಿಯನ್ನು ಮಾತ್ರ ಹೇಳುತ್ತೆ: ಎಷ್ಟು ಡಿಪಿಐ, ಬಣ್ಣವೋ ಬೂದುಬಣ್ಣವೋ, ಎಷ್ಟು ಜಾಗ. ಅದನ್ನು ಹೇಗೆ ತೋರಿಸಬೇಕು ಅನ್ನೋದು ಫ್ರಂಟೆಂಡಿನ ಕೆಲಸ. ಒಬ್ಬರು ಟರ್ಮಿನಲ್‌ನಲ್ಲಿ ಸ್ಕ್ಯಾನ್‌ಇಮೇಜ್ ಅಂತ ಟೈಪ್ ಮಾಡಿ ಕೆಲಸ ಮುಗಿಸ್ತಾರೆ. ಇನ್ನೊಬ್ಬರು ಆಲಿವರ್ ರೌಖ್ ಬರೆದ ಎಕ್ಸ್‌ಸೇನ್‌ನಲ್ಲಿ ಹತ್ತಾರು ಗುಂಡಿ ತಿರುಗಿಸ್ತಾರೆ. 2010ರಲ್ಲಿ ಉಬುಂಟು 10.04 ಜೊತೆಗೆ ಬಂದ ಸಿಂಪಲ್ ಸ್ಕ್ಯಾನ್‌ನಲ್ಲಿ ಒಂದೇ ಗುಂಡಿ ಒತ್ತಿದರೆ ಸಾಕು. ಮೂವರಿಗೂ ಕೆಳಗಿರುವ ಬ್ಯಾಕೆಂಡ್ ಒಂದೇ.

ಹೀಗೆ ಬೇರೆ ಮಾಡಿದ್ದರಿಂದ ಇನ್ನೊಂದು ಅನುಕೂಲ ಆಯ್ತು. ಸ್ಕ್ಯಾನರ್ ಒಂದು ಕೋಣೆಯ ಕಂಪ್ಯೂಟರಿಗೆ ಸಿಕ್ಕಿಸಿದ್ದರೆ, ನೆಟ್‌ವರ್ಕ್ ಮೂಲಕ ಪಕ್ಕದ ಕೋಣೆಯಿಂದ ಸ್ಕ್ಯಾನ್ ಮಾಡಬಹುದು. ನಡುವೆ ಸೇನ್‌ಡಿ ಅನ್ನೋ ಪುಟ್ಟ ಕಾರ್ಯಕ್ರಮ ಕೂತಿರುತ್ತೆ. ವೈಫೈ ಸ್ಕ್ಯಾನರ್‌ಗಳು ಅಂಗಡಿಗೆ ಬರೋ ಮೊದಲೇ ಲಿನಕ್ಸಿನಲ್ಲಿ ಇದು ಸಾಧ್ಯ ಇತ್ತು.

ತನ್ನ ಬುದ್ಧಿ ಇಲ್ಲದ ಯಂತ್ರ

ಹಳೆ ದೊಡ್ಡ ಸ್ಕ್ಯಾನರುಗಳಲ್ಲಿ ಕೆಲವಕ್ಕೆ ತಮ್ಮದೇ ಬುದ್ಧಿ ಇತ್ತು. ಎಚ್‌ಪಿಯ ಸ್ಕ್ಯಾನ್‌ಜೆಟ್‌ಗೆ ಎಸ್‌ಸಿಎಲ್ ಅನ್ನೋ ಆಜ್ಞಾಭಾಷೆ, ಎಪ್ಸನ್‌ಗೆ ಇಎಸ್‌ಸಿ-ಐ ಅನ್ನೋ ಭಾಷೆ. "300 ಡಿಪಿಐನಲ್ಲಿ ಓದು" ಅಂದ್ರೆ ಉಳಿದದ್ದನ್ನೆಲ್ಲ ಅವೇ ನೋಡಿಕೊಳ್ಳುತ್ತಿದ್ದವು.

ತೆಳ್ಳನೆಯ ಅಗ್ಗದ ಸ್ಕ್ಯಾನರ್ ಹಾಗಲ್ಲ. ಬೆಲೆ ಇಳಿಸೋಕೆ ಒಳಗಿನ ಬುದ್ಧಿಯನ್ನೇ ತೆಗೆದು, ಆ ಕೆಲಸವನ್ನೆಲ್ಲ ಕಂಪ್ಯೂಟರಿನ ತಲೆಗೆ ಕಟ್ಟಿದರು. ಮೋಟರ್ ನಿಂತ ಜಾಗದಿಂದ ಎಷ್ಟು ಮೆಲ್ಲಗೆ ಹೊರಟು, ಎಷ್ಟು ಹೆಜ್ಜೆಯಲ್ಲಿ ವೇಗ ಹಿಡಿಯಬೇಕು ಅನ್ನೋ ಪಟ್ಟಿಯನ್ನು ಡ್ರೈವರ್ ಕಳಿಸಬೇಕು. ಪ್ರತಿ ಬಣ್ಣದ ಎಲ್‌ಇಡಿ ಎಷ್ಟು ಹೊತ್ತು ಉರಿಯಬೇಕು ಅನ್ನೋದನ್ನೂ ಹೇಳಬೇಕು. ಸೆನ್ಸರಿನ ಸಾವಿರಾರು ಕಣ್ಣುಗಳಲ್ಲಿ ಎರಡು ಒಂದೇ ಥರ ಇರಲ್ಲ. ಆದ್ದರಿಂದ ಸ್ಕ್ಯಾನ್ ಶುರುವಾಗೋ ಮೊದಲು ಗಾಜಿನ ಅಂಚಿನ ಕೆಳಗೆ ಮರೆಯಾಗಿರುವ ಬಿಳಿ ಪಟ್ಟಿಯನ್ನು ಓದಿ, ಪ್ರತಿ ಕಣ್ಣಿಗೂ ಬೇರೆ ಬೇರೆ ತಿದ್ದುಪಡಿ ಲೆಕ್ಕ ಹಾಕಬೇಕು. ಸ್ಕ್ಯಾನ್ ಮಾಡಿದ ಪುಟದಲ್ಲಿ ಮೇಲಿಂದ ಕೆಳಗೆ ಒಂದು ಉದ್ದ ಗೆರೆ ಕಾಣಿಸಿದರೆ, ಬಹಳ ಸಲ ಆ ಬಿಳಿ ಪಟ್ಟಿಯ ಮೇಲೆ ಕೂತ ಧೂಳೇ ಕಾರಣ.

ಇದನ್ನೆಲ್ಲ ಬರೆಯೋಕೆ ಚಿಪ್ಪಿನ ಒಳವಿವರ ಬೇಕು. ಲೈಡ್ 20, ಲೈಡ್ 30ರಲ್ಲಿ ಇದ್ದದ್ದು ನ್ಯಾಷನಲ್ ಸೆಮಿಕಂಡಕ್ಟರ್‌ನ ಎಲ್‌ಎಂ983ಎಕ್ಸ್ ಸಾಲಿನ ಚಿಪ್. ಅದೇ ಸಾಲಿನ ಚಿಪ್ ಪ್ಲಸ್‌ಟೆಕ್ ಕಂಪನಿಯ ಸ್ಕ್ಯಾನರುಗಳಲ್ಲೂ ಇತ್ತು. ಹಾಗಾಗಿ ಗೆರ್‌ಹಾರ್ಡ್ ಯೇಗರ್ ನೋಡಿಕೊಳ್ಳುತ್ತಿದ್ದ ಪ್ಲಸ್‌ಟೆಕ್ ಬ್ಯಾಕೆಂಡಿನಲ್ಲೇ ಕ್ಯಾನನ್ನಿನ ಈ ಮಾದರಿಗಳಿಗೂ ಜಾಗ ಸಿಕ್ಕಿತು. ಮುಂದೆ ಬಂದ ಲೈಡ್ ಮಾದರಿಗಳಲ್ಲಿ ಹೆಚ್ಚಿನವು ತೈವಾನಿನ ಜೆನೆಸಿಸ್ ಲಾಜಿಕ್ ಚಿಪ್ಪಿಗೆ ಹೋದವು. ಅವಕ್ಕೆ ಜೆನೆಸಿಸ್ ಬ್ಯಾಕೆಂಡ್. ಲೈಡ್ 100, 110, 200, 210, 120, 220 ಎಲ್ಲ ಅದರಡಿಗೇ ಬರುತ್ತವೆ. ಲೈಡ್ 300, 400 ಬಂದಾಗ ಕ್ಯಾನನ್ ಮತ್ತೆ ದಾರಿ ಬದಲಿಸಿತು, ಅವು ಪಿಕ್ಸ್ಮಾ ಬ್ಯಾಕೆಂಡಿಗೆ ಸೇರಿದವು. ಹೊರಗಿನಿಂದ ನೋಡೋರಿಗೆ ಒಂದೇ ಮನೆತನದ ಅಣ್ಣತಮ್ಮಂದಿರು, ಒಳಗೆ ಬೇರೆ ಬೇರೆ ವಂಶ.

ಚಿಪ್ಪಿನ ವಿವರ ಸಿಗದಿದ್ದಾಗ ಏನು ಮಾಡ್ತಿದ್ದರು? ವಿಂಡೋಸ್ ಕಂಪ್ಯೂಟರಿನಲ್ಲಿ ತಯಾರಕರದೇ ಡ್ರೈವರ್ ಹಾಕಿ, ಯುಎಸ್‌ಬಿ ತಂತಿಯಲ್ಲಿ ಹೋಗಿ ಬರುವ ಪ್ರತಿ ಬೈಟನ್ನೂ ದಾಖಲು ಮಾಡ್ತಿದ್ದರು. ಒಂದು ಸಲ ಬರೀ ಬಿಳಿ ಹಾಳೆ, ಒಂದು ಸಲ ಅರ್ಧ ಹಾಳೆ, ಒಂದು ಸಲ 300 ಡಿಪಿಐ, ಒಂದು ಸಲ 600. ಯಾವ ಅಂಕಿ ಬದಲಾಯ್ತು, ಯಾವುದು ಬದಲಾಗಲಿಲ್ಲ ಅಂತ ಸಾಲು ಸಾಲು ಹೋಲಿಸಿ ನೋಡೋದು. ಗೊತ್ತಿಲ್ಲದ ಲಿಪಿಯ ಶಾಸನ ಓದುವವರು ಮಾಡುವ ಕೆಲಸವೂ ಇಂಥದ್ದೇ ಅಲ್ವಾ? ಮತ್ತೆ ಮತ್ತೆ ಬರುವ ಗುರುತು ಹಿಡಿದು, ಊಹೆ ಮಾಡಿ, ಇನ್ನೊಂದು ಶಾಸನದಲ್ಲಿ ಆ ಊಹೆ ನಿಲ್ಲುತ್ತಾ ಅಂತ ನೋಡೋದು. ಇಲ್ಲಿ ಊಹೆ ತಪ್ಪಿದರೆ ಮೋಟರ್ ಅಂಚಿಗೆ ಹೋಗಿ ಕಟಕಟ ಅಂತ ಹೊಡೆದುಕೊಳ್ಳುತ್ತೆ, ಅಷ್ಟೇ ವ್ಯತ್ಯಾಸ.

ಎಲ್ಲ ಮಾದರಿಗೂ ಈ ಭಾಗ್ಯ ಬೇಗ ಸಿಗಲಿಲ್ಲ. ಲೈಡ್ 70ರಲ್ಲಿ ಬೇರೆಯದೇ ಚಿಪ್ ಇತ್ತು. ಅದನ್ನು ಕೊಂಡವರು ಲಿನಕ್ಸಿನಲ್ಲಿ ವರ್ಷಗಟ್ಟಲೆ ಕಾಯಬೇಕಾಯ್ತು. ಕೊನೆಗೆ ಅದಕ್ಕೆ ಪ್ರತ್ಯೇಕ ಬ್ಯಾಕೆಂಡ್ ಸೇನ್‌ಗೆ ಸೇರಿತು. ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಅದನ್ನು ಮಾರೋದೇ ನಿಂತು ಬಹಳ ಕಾಲವಾಗಿತ್ತು. ಆದ್ದರಿಂದ ಲಿನಕ್ಸಿನಲ್ಲಿ ಎಲ್ಲ ಸ್ಕ್ಯಾನರೂ ನಡೆಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೇನ್‌ನವರೇ ಒಂದು ಪಟ್ಟಿ ಇಟ್ಟಿದ್ದಾರೆ. ಪ್ರತಿ ಮಾದರಿ ಪೂರ್ತಿ ನಡೆಯುತ್ತಾ, ಚೆನ್ನಾಗಿ ನಡೆಯುತ್ತಾ, ಅಲ್ಪಸ್ವಲ್ಪ ನಡೆಯುತ್ತಾ, ನಡೆಯೋದೇ ಇಲ್ವಾ ಅಂತ ಅದರಲ್ಲಿ ಬರೆದಿರುತ್ತೆ. ಕೊಳ್ಳೋ ಮೊದಲು ಅದನ್ನ ನೋಡಬೇಕು.

64 ಬಿಟ್ ಬಂದಾಗ

ಈಗ ಒಗಟಿನ ಉತ್ತರಕ್ಕೆ ಬರ್ತೀನಿ. 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಅಂಗಡಿಗೆ ಬಂತು. ಅದರ 64 ಬಿಟ್ ರೂಪದಲ್ಲಿ ಹಳೆ 32 ಬಿಟ್ ಡ್ರೈವರ್ ನಡೆಯಲ್ಲ. ಸಾಲದ್ದಕ್ಕೆ ಕರ್ನಲ್ ಮಟ್ಟದ ಡ್ರೈವರಿಗೆ ಡಿಜಿಟಲ್ ಸಹಿಯೂ ಕಡ್ಡಾಯ. ಸುರಕ್ಷತೆ ದೃಷ್ಟಿಯಿಂದ ಆ ನಿಯಮದಲ್ಲಿ ಅರ್ಥ ಇದೆ. ಆದರೆ ಐದಾರು ವರ್ಷ ಹಳೆಯ, ಮಾರಾಟ ಮುಗಿದ ಸ್ಕ್ಯಾನರಿಗೆ ಮತ್ತೆ ಕೂತು ಹೊಸ ಡ್ರೈವರ್ ಬರೆಯೋಕೆ ಯಾವ ತಯಾರಕರಿಗೆ ಲಾಭ? ಎಷ್ಟೋ ಮಾದರಿಗಳಿಗೆ ಅದು ಬರಲೇ ಇಲ್ಲ. ಜನ 64 ಬಿಟ್ ಕಂಪ್ಯೂಟರಿಗೆ ಹೋದ ಹಾಗೆ, ಗಾಜು ಒಡೆಯದ, ಬೆಲ್ಟ್ ಹರಿಯದ ಸ್ಕ್ಯಾನರುಗಳು ಗುಜರಿ ಸೇರಿದವು.

ಲಿನಕ್ಸ್ ಕೂಡ 64 ಬಿಟ್ಟಿಗೆ ಹೋಯ್ತು. ಅಲ್ಲಿ ಬ್ಯಾಕೆಂಡಿನ ಮೂಲ ಬರಹ ಎಲ್ಲರ ಮುಂದಿತ್ತು. ಅದನ್ನೇ ಮತ್ತೆ ಕಂಪೈಲ್ ಮಾಡಿದರು, ಎಡವಿದ ಕಡೆ ತಿದ್ದಿದರು, ಮುಗೀತು. ಇನ್ನೊಂದು ಕಾರಣವೂ ಇದೆ. 2001ರಲ್ಲಿ ಬಂದ ಲಿನಕ್ಸ್ 2.4ರ ಕಾಲದಲ್ಲಿ ಯುಎಸ್‌ಬಿ ಸ್ಕ್ಯಾನರಿಗೆ ಕರ್ನಲ್‌ನಲ್ಲೇ ಒಂದು ತುಂಡು ಡ್ರೈವರ್ ಇರುತ್ತಿತ್ತು. 2.6ರ ಕಾಲಕ್ಕೆ ಅದನ್ನು ತೆಗೆದುಹಾಕಿ, ಲಿಬ್‌ಯುಎಸ್‌ಬಿ ಅನ್ನೋ ಗ್ರಂಥಾಲಯದ ಮೂಲಕ ಕರ್ನಲ್‌ನ ಹೊರಗಿನಿಂದಲೇ ಮಾತಾಡೋ ಪದ್ಧತಿ ನೆಲೆಯಾಯ್ತು. ಕರ್ನಲ್ ಎಷ್ಟು ಸಲ ಬದಲಾದರೂ ಸ್ಕ್ಯಾನರ್ ಬ್ಯಾಕೆಂಡಿಗೆ ಅದರ ಬಿಸಿ ಹೆಚ್ಚು ತಟ್ಟಲ್ಲ.

ಅಂದ್ರೆ ಸ್ಕ್ಯಾನರ್ ಎಷ್ಟು ವರ್ಷ ಬದುಕಬೇಕು ಅಂತ ತೀರ್ಮಾನಿಸಿದ್ದು ಗಾಜೂ ಮೋಟರೂ ಅಲ್ಲ. ಅದರ ಜೊತೆ ಹೇಗೆ ಮಾತಾಡಬೇಕು ಅನ್ನೋ ತಿಳಿವಳಿಕೆ ಯಾರ ಹತ್ತಿರ ಇತ್ತು ಅನ್ನೋದು. ಒಂದೇ ಕಂಪನಿಯ ಬೀರುವಿನಲ್ಲಿ ಇದ್ದಾಗ, ಆ ಕಂಪನಿಗೆ ಆಸಕ್ತಿ ಇರೋವರೆಗೆ ಆಯಸ್ಸು. ಎಲ್ಲರೂ ಓದಬಹುದಾದ ಕಡೆ ಇದ್ದಾಗ, ಯಾರೋ ಒಬ್ಬರಿಗೆ ಬೇಕು ಅನ್ನಿಸೋವರೆಗೆ ಆಯಸ್ಸು.

ನಮ್ಮ ಕಾಗದಗಳಿಗೂ ಇದಕ್ಕೂ ಏನು ಸಂಬಂಧ?

ಇದು ನಮಗೆ ಯಾಕೆ ಮುಖ್ಯ ಅಂತ ಕೇಳಬಹುದು. ಕರ್ನಾಟಕದ ಹೊರಗಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆ, ನಾಟಕದ ಕರಪತ್ರ, ಯುಗಾದಿ ವಿಶೇಷಾಂಕ, ಊರಿಂದ ಅಜ್ಜ ಬರೆದ ಇನ್‌ಲ್ಯಾಂಡ್ ಲೆಟರ್. ಇವು ಕೆಲವೇ ಪ್ರತಿಗಳಲ್ಲಿ ಅಚ್ಚಾದವು ಅಥವಾ ಇರೋದೇ ಒಂದು ಪ್ರತಿ. ದೊಡ್ಡ ಗ್ರಂಥಾಲಯಗಳ ಡಿಜಿಟಲ್ ಯೋಜನೆಗಳು ಪುಸ್ತಕದ ಬೆನ್ನು ಹತ್ತುತ್ತವೆ. ನಮ್ಮ ಮನೆಯ ಟ್ರಂಕಿಗೆ ಯಾರೂ ಬರಲ್ಲ. ಅಗ್ಗದ ಕಾಗದ ಹಳದಿಯಾಗಿ, ಮಡಿಕೆಯಲ್ಲಿ ಮುರಿಯೋಕೆ ಶುರುವಾಗಿರುತ್ತೆ.

ತೆಳ್ಳನೆಯ ಸ್ಕ್ಯಾನರ್ ಇಂಥ ಬಿಡಿ ಹಾಳೆಗೆ ಹೇಳಿ ಮಾಡಿಸಿದ್ದು. ಅದರ ಮಿತಿಯನ್ನೂ ತಿಳಿದಿರಬೇಕು. ಸಿಐಎಸ್ ಸೆನ್ಸರ್ ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತೆ. ದಪ್ಪ ಪುಸ್ತಕದ ಹೊಲಿಗೆಯ ಹತ್ತಿರ ಪುಟ ಕೆಲವೇ ಮಿಲಿಮೀಟರ್ ಮೇಲೆದ್ದರೂ ಅಲ್ಲಿ ಕಪ್ಪಾಗಿ, ಮಸುಕಾಗಿ ಬರುತ್ತೆ. ಆ ಕೆಲಸಕ್ಕೆ ಹಳೆ ದಪ್ಪ ಸಿಸಿಡಿ ಸ್ಕ್ಯಾನರೋ ಕ್ಯಾಮೆರಾವೋ ಮೇಲು. ಪುಸ್ತಕವನ್ನು ಗಾಜಿಗೆ ಒತ್ತಿ ಬೆನ್ನು ಮುರಿಯಬೇಡಿ.

ಲಿನಕ್ಸಿನಲ್ಲಿ ಮೊದಲ ಹೆಜ್ಜೆ ಸುಲಭ. ಸ್ಕ್ಯಾನರ್ ಸಿಕ್ಕಿಸಿ ಸೇನ್-ಫೈಂಡ್-ಸ್ಕ್ಯಾನರ್ ಅನ್ನೋ ಆಜ್ಞೆ ಕೊಟ್ಟರೆ ಯುಎಸ್‌ಬಿಯಲ್ಲಿ ಯಂತ್ರ ಕಾಣುತ್ತಾ ಅಂತ ಗೊತ್ತಾಗುತ್ತೆ. ಕ್ಯಾನನ್ ಆದರೆ ತಯಾರಕರ ಸಂಖ್ಯೆ 04ಎ9. ಅದು ಕಂಡೂ ಸಿಂಪಲ್ ಸ್ಕ್ಯಾನ್‌ನಲ್ಲಿ ಸ್ಕ್ಯಾನರ್ ಕಾಣದಿದ್ದರೆ ಎರಡು ಕಾರಣ ಇರಬಹುದು. ಒಂದು, ಆ ಮಾದರಿಗೆ ಬ್ಯಾಕೆಂಡ್ ಇಲ್ಲ. ಇನ್ನೊಂದು, ಸಾಮಾನ್ಯ ಬಳಕೆದಾರರಿಗೆ ಆ ಸಾಧನ ಮುಟ್ಟುವ ಅನುಮತಿ ಇಲ್ಲ. ರೂಟ್ ಆಗಿ ಕಾಣುತ್ತೆ, ನಿಮಗೆ ಕಾಣಲ್ಲ ಅಂದ್ರೆ ಎರಡನೇದೇ ಕಾರಣ. ಇದ್ಯಾವುದೂ ಅಲ್ಲದಿದ್ದರೆ ಸ್ಕ್ಯಾನರಿನ ತಳ ನೋಡಿ. ಬಹಳಷ್ಟು ಮಾದರಿಗಳಲ್ಲಿ ಸಾಗಣೆ ಹೊತ್ತಿಗೆ ಸೆನ್ಸರ್ ಅಲ್ಲಾಡದಂತೆ ಹಿಡಿಯುವ ಒಂದು ಬೀಗದ ಗುಂಡಿ ಇರುತ್ತೆ. ಮನೆ ಬದಲಾಯಿಸುವಾಗ ಹಾಕಿ ಮರೆತಿರ್ತೀರಿ.

ಕನ್ನಡಕ್ಕೆ 300 ಡಿಪಿಐ ಕನಿಷ್ಠ. ಸಣ್ಣ ಅಚ್ಚುಮೊಳೆಯ ಹಳೆ ಮುದ್ರಣ ಆದರೆ 400 ಅಥವಾ 600 ಒಳ್ಳೇದು. ಯಾಕಂದ್ರೆ ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಪುಟ್ಟದಾಗಿ ಕೂತಿರುತ್ತೆ, ಅದು ಕಲೆಯಾಗಿ ಹೋದರೆ ಪದವೇ ಬೇರೆ ಆಗುತ್ತೆ. ಎ4 ಹಾಳೆ 300 ಡಿಪಿಐನಲ್ಲಿ ಸುಮಾರು 87 ಲಕ್ಷ ಚುಕ್ಕಿ, ಬಣ್ಣದಲ್ಲಿ ಸುಮಾರು 26 ಎಂಬಿ. 600ಕ್ಕೆ ಹೋದರೆ ನಾಲ್ಕು ಪಟ್ಟು, 104 ಎಂಬಿ. ಮೂಲಪ್ರತಿಯನ್ನು ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ಇಟ್ಟು, ಹಂಚೋಕೆ ಬೇರೆ ಪಿಡಿಎಫ್ ಮಾಡಿ. ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣ್ತಿದ್ದರೆ ಹಾಳೆಯ ಬೆನ್ನಿಗೆ ಒಂದು ಕಪ್ಪು ಕಾಗದ ಇಡಿ, ಬಹಳಷ್ಟು ಕಡಿಮೆ ಆಗುತ್ತೆ.

ಸ್ಕ್ಯಾನ್ ಆದ ಪುಟದಿಂದ ಅಕ್ಷರ ತೆಗೆಯೋಕೆ ಟೆಸರಾಕ್ಟ್ ಇದೆ. ಅದರದೂ ಇಂಥದ್ದೇ ಕತೆ. 1985ರಿಂದ 1994ರವರೆಗೆ ಎಚ್‌ಪಿ ತನ್ನ ಪ್ರಯೋಗಾಲಯದಲ್ಲಿ ಬೆಳೆಸಿ, ಆಮೇಲೆ ಬದಿಗಿಟ್ಟಿತ್ತು. 2005ರಲ್ಲಿ ಅದನ್ನು ಮುಕ್ತವಾಗಿ ಬಿಟ್ಟುಕೊಟ್ಟರು. ಮುಂದೆ ಗೂಗಲ್ ನೆರವಿನಲ್ಲಿ ಬೆಳೆದು, ಎಷ್ಟೋ ಭಾಷೆಗಳ ಜೊತೆ ಕನ್ನಡವನ್ನೂ ಕಲಿತಿತು. ಇವತ್ತು ಅದು ಕನ್ನಡ ಪುಟ ಓದುತ್ತೆ. ಒತ್ತಕ್ಷರದಲ್ಲಿ ಇನ್ನೂ ತಪ್ಪುತ್ತೆ, ಮನುಷ್ಯರ ಕಣ್ಣು ಬೇಕೇ ಬೇಕು. ಆದರೆ ಬೀರುವಿನಲ್ಲೇ ಉಳಿದಿದ್ದರೆ ಅದು ಕನ್ನಡ ಕಲಿಯೋ ಪ್ರಶ್ನೆಯೇ ಇರಲಿಲ್ಲ.

ಇನ್ನು ಹೊಸ ಪ್ರಿಂಟರ್-ಸ್ಕ್ಯಾನರ್ ಜೋಡಿ ಯಂತ್ರಗಳು ನೆಟ್‌ವರ್ಕಿನಲ್ಲಿ ಇಎಸ್‌ಸಿಎಲ್ ಅನ್ನೋ ಒಂದೇ ಸಮಾನ ಭಾಷೆ ಆಡ್ತಿವೆ. ಅಂಥವಕ್ಕೆ ಮಾದರಿಗೊಂದು ಡ್ರೈವರ್ ಬೇಕಿಲ್ಲ. ಒಂದು ಬೈಟಿನ ಅರ್ಥಕ್ಕಾಗಿ ರಾತ್ರಿಯೆಲ್ಲ ಕೂರುವ ಕಷ್ಟ ಮುಂದಿನವರಿಗೆ ಕಡಿಮೆಯಾಗುತ್ತೆ. ಒಳ್ಳೇದೇ. ಆದರೆ ನಿಮ್ಮ ಕಪಾಟಿನಲ್ಲಿರುವ ಆ ಹಳೆಯ ಸ್ಕ್ಯಾನರ್ ಕೇಳೋದು ತನ್ನ ಹಳೆಯ ಚಿಪ್ಪಿನ ಭಾಷೆಯನ್ನೇ. ಅದನ್ನು ಬರೆದಿಟ್ಟವರು ಇದ್ದಾರೆ, ಸಂಬಳವಿಲ್ಲದೆ ಬರೆದವರೂ ಅವರಲ್ಲಿ ಬಹಳ ಜನ.

ಆದ್ದರಿಂದ ಮುಂದಿನ ಸಲ ಗುಜರಿಯವನು ಬಂದಾಗ ಸ್ಕ್ಯಾನರನ್ನು ಕೊಡೋ ಮೊದಲು ತಿರುಗಿಸಿ ಮಾದರಿ ಸಂಖ್ಯೆ ಓದಿ, ಸೇನ್ ಪಟ್ಟಿಯಲ್ಲಿ ಹುಡುಕಿ. ಇದ್ದರೆ ಲ್ಯಾಪ್‌ಟಾಪ್ ಜೊತೆ ಚೀಲಕ್ಕೆ ಹಾಕಿಕೊಂಡು ಊರಿಗೆ ಹೋಗಿ. ಪ್ಲಗ್ ಬೇಡದ ಯಂತ್ರ ಅದು, ಕರೆಂಟ್ ಹೋದರೂ ಬ್ಯಾಟರಿ ಇರೋವರೆಗೆ ನಡೆಯುತ್ತೆ. ದೊಡ್ಡಪ್ಪನ ಟ್ರಂಕು ತೆಗೆಸಿ, ಅವರನ್ನ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕಾಗದ ಗಾಜಿನ ಮೇಲಿಡಿ. ಫೋಟೊದಲ್ಲಿ ಇರೋರು ಯಾರು, ಪತ್ರ ಯಾವ ವರ್ಷದ್ದು ಅಂತ ಅವರು ಹೇಳ್ತಿರೋವಾಗಲೇ ಫೈಲಿನ ಹೆಸರಿನಲ್ಲಿ ಬರೆದುಬಿಡಿ. ಅದನ್ನ ಮಾತ್ರ ಯಾವ ಬ್ಯಾಕೆಂಡೂ ಆಮೇಲೆ ಹುಡುಕಿಕೊಡಲ್ಲ.